ಆಲೆಮನೆ ನೋಡಲು ಹೊರಟವರಿಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ನಮ್ಮ ಬೇಸಾಯಗಾರರಿಗೆ ಇವೆರಡರಲ್ಲಿ ಸುತ್ತುವುದೇ ಹೆಚ್ಚು ಹಿಡಿಸುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಹತ್ತು ಪುಟ ಓದಿ ತಿಳಿಯದ್ದು ಇನ್ನೊಬ್ಬ ರೈತನ ಹೊಲದ ಬದುವಿನ ಮೇಲೆ ನಿಂತು ನೋಡಿದರೆ ತಿಳಿಯುತ್ತದೆ. ಆದರೆ ಸುತ್ತುವುದಕ್ಕೂ ಒಂದು ಕ್ರಮ ಉಂಟು. ಆ ಕ್ರಮವಿಲ್ಲದೆ ಸುತ್ತಿ ಬಂದವರಿಗೆ ಕಾಲು ನೋವು ಉಳಿಯುತ್ತದೆ, ವ್ಯಾನಿನ ಬಾಡಿಗೆ ಹೋಗುತ್ತದೆ.

ಪಾಂಡವಪುರ ತಾಲ್ಲೂಕಿನ ತೊಣ್ಣೂರಿನಲ್ಲಿ ಕಬ್ಬು ಬೆಳೆಯುವ ನಾಲ್ಕು ಕುಟುಂಬಗಳವರು ಒಟ್ಟಿಗೆ ಸೇರಿ ಒಂದು ಆಲೆಮನೆ ಹಾಕುವ ಯೋಚನೆ ಮಾಡಿದರು. ಅದಕ್ಕೆ ಮುಂಚೆ ನಾಲ್ಕಾರು ಕಡೆ ನೋಡಿ ಬರೋಣವೆಂದು ಒಂದು ಪಟ್ಟಿ ಬರೆದುಕೊಂಡು ನನ್ನ ಬಳಿ ಬಂದರು. ಪಟ್ಟಿಯಲ್ಲಿ ಹನ್ನೊಂದು ಆಲೆಮನೆಗಳಿದ್ದವು. ಶ್ರೀರಂಗಪಟ್ಟಣದ ಕಡೆಯವು, ಮದ್ದೂರಿನವು, ಕೆ.ಆರ್. ಪೇಟೆಯವು, ಇಷ್ಟು ಸಾಲದೆಂದು ಕೊನೆಯಲ್ಲಿ ಕೊಲ್ಹಾಪುರ. 'ಸಾರ್, ಒಂದೇ ದಿನದಲ್ಲಿ ಹತ್ತಾದರೂ ನೋಡ್ಬುಡಾನ ಅಂತವ್ರೆ ನಮ್ಮ ಹುಡುಗ್ರು' ಎಂದರು ಹಿರಿಯರು. ನಾನು ಪಟ್ಟಿಯನ್ನು ತಿರುಗಿಸಿ ಹಿಂಬದಿಯಲ್ಲಿ ಒಂದೇ ಒಂದು ಸಾಲು ಬರೆಯಲು ಹೇಳಿದೆ: ನಾವು ಏನು ತಿಳಿಯಲು ಹೋಗುತ್ತಿದ್ದೇವೆ? ಅರ್ಧ ಗಂಟೆ ಅವರವರಲ್ಲೇ ಚರ್ಚೆಯಾಯಿತು, ಸಾಲು ಮಾತ್ರ ಮುಗಿಯಲಿಲ್ಲ.

ನಾನು ಹೀಗೆ ಹೇಳುವುದಕ್ಕೆ ಕಾರಣವಿದೆ. ಬಹಳ ವರ್ಷಗಳ ಹಿಂದೆ ನಾನೇ ಮುಂದಾಗಿ ಇಪ್ಪತ್ತು ಜನ ರೈತರನ್ನು ಕರೆದುಕೊಂಡು ಒಂದು ದಿನದಲ್ಲಿ ಏಳು ಆಲೆಮನೆ ತೋರಿಸಿ ತಂದಿದ್ದೆ. ಏಳೂ ಕಡೆ ಕಬ್ಬಿನ ಹಾಲು ಕುಡಿದೆವು, ಬಿಸಿ ಬೆಲ್ಲ ತಿಂದೆವು, ಫೋಟೋ ತೆಗೆಸಿಕೊಂಡೆವು. ಅವುಗಳಲ್ಲಿ ಒಂದು ಬಹಳ ಅಚ್ಚುಕಟ್ಟಾಗಿತ್ತು. ಎತ್ತರದ ಚಾವಣಿ, ಸಿಮೆಂಟು ನೆಲ, ಸಾಲಾಗಿ ಮೂರು ಕೊಪ್ಪರಿಗೆ. ನಮ್ಮ ತಂಡದ ಒಬ್ಬರು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಸಾಲ ಮಾಡಿ ಅಂಥದ್ದೇ ಕಟ್ಟಿಸಿದರು. ಎರಡನೆಯ ಹಂಗಾಮಿಗೆ ನಿಲ್ಲಿಸಿದರು. ನಾವು ನೋಡಿದ ಆಲೆಮನೆಯ ಒಲೆಗೆ ಸಿಪ್ಪೆ ಸಾಲದೆ ಪ್ರತಿ ವಾರ ಸೌದೆ ಕೊಂಡು ಹಾಕುತ್ತಿದ್ದರು. ಯಜಮಾನರಿಗೆ ಬೇರೆ ವ್ಯಾಪಾರದ ವರಮಾನವಿದ್ದುದರಿಂದ ಅದು ನಡೆಯುತ್ತಿತ್ತು. ಅವರು ಅದನ್ನು ಹೇಳಲಿಲ್ಲ, ನಾವು ಕೇಳಲಿಲ್ಲ. ಆ ದಿನ ಏಳರ ಬದಲು ಎರಡನ್ನೇ ನೋಡಿ, ಒಂದೊಂದರಲ್ಲಿ ಅರ್ಧ ದಿನ ಕುಳಿತಿದ್ದರೆ ಸೌದೆಯ ರಾಶಿ ನಮ್ಮ ಕಣ್ಣಿಗೆ ಬೀಳುತ್ತಿತ್ತು.

ಮೊದಲು ನಿಮ್ಮ ಪ್ರಶ್ನೆ

ಆಲೆಮನೆ ನಮ್ಮ ಸೀಮೆಗೆ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಶ್ರೀರಂಗಪಟ್ಟಣದ ಸುತ್ತಿನ ಕಬ್ಬಿನ ವಿಷಯ ಬರೆಯುವಾಗ ರಸದಾಳಿ, ಪಟ್ಟಾಪಟ್ಟಿ ಎಂಬ ಎರಡು ಜಾತಿಗಳನ್ನು ಹೆಸರಿಸಿ, ಎರಡರಿಂದಲೂ ಬೆಲ್ಲ ಮಾಡುತ್ತಾರೆಂದು ಬರೆದಿದ್ದಾನೆ. ಆಮೇಲೆ ಕನ್ನಂಬಾಡಿ ಅಣೆಕಟ್ಟೆ ಬಂತು. ಹಿರಿಯರು ಇರ್ವಿನ್ ನಾಲೆ ಎನ್ನುತ್ತಿದ್ದ ವಿಶ್ವೇಶ್ವರಯ್ಯ ನಾಲೆ ಹರಿಯಿತು. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕಾರ್ಖಾನೆಗಳು ಬಂದರೂ ಆಲೆಮನೆಯ ಹೊಗೆ ಆರಲಿಲ್ಲ. ಕಾರ್ಖಾನೆಯ ಕಟಾವು ಆಜ್ಞೆ ತಡವಾದಾಗ, ಹಣ ಬರುವುದು ನಿಧಾನವಾದಾಗ ರೈತನಿಗೆ ಆಲೆಮನೆಯೇ ಆಸರೆ. ಆದುದರಿಂದ ನಮ್ಮ ಜಿಲ್ಲೆಯಲ್ಲಿ ನೋಡಲು ಆಲೆಮನೆಗಳಿಗೆ ಕೊರತೆ ಇಲ್ಲ. ಕೊರತೆ ಇರುವುದು ನಮ್ಮ ದಿನಗಳಿಗೆ.

ನೀವು ತಯಾರಿಸಬೇಕೆಂದಿರುವುದು ಏನು? ಮಂಡ್ಯದ ಕೃಷಿ ಮಾರುಕಟ್ಟೆಗೆ ಕಳಿಸುವ ಅಚ್ಚು ಬೆಲ್ಲವೇ, ಬಕೆಟ್ ಬೆಲ್ಲವೇ? ಬೆಂಗಳೂರು, ಮೈಸೂರಿನ ಮನೆಗಳಿಗೆ ನೇರವಾಗಿ ಮಾರುವ ಪುಡಿ ಬೆಲ್ಲವೇ, ಜೋನಿ ಬೆಲ್ಲವೇ? ಅಥವಾ ಸುತ್ತಿನವರ ಕಬ್ಬನ್ನು ಬಾಡಿಗೆಗೆ ಅರೆದು ಕೊಡುವುದೇ? ಈ ಮೂರಕ್ಕೂ ನೋಡಬೇಕಾದ ಆಲೆಮನೆಗಳೇ ಬೇರೆ. ಪುಡಿ ಬೆಲ್ಲ ಮಾಡುವ ಆಸೆಯಿಂದ ಹೊರಟವರು ಬಕೆಟ್ ಬೆಲ್ಲದ ಆಲೆಮನೆಗಳನ್ನೇ ಐದು ನೋಡಿ ಬಂದರೆ ಒಂದನ್ನೇ ಐದು ಸಲ ನೋಡಿದಂತೆ.

ತೊಣ್ಣೂರಿನವರಿಗೆ ಇನ್ನೊಂದು ಆಸೆಯೂ ಇತ್ತು. ಕೆರೆ ನೋಡಲು, ನಂಬಿನಾರಾಯಣಸ್ವಾಮಿಯ ದರ್ಶನಕ್ಕೆ ಜನ ಬರುತ್ತಾರೆ. ಮೇಲುಕೋಟೆಗೆ ಹೋಗುವ ಯಾತ್ರಿಕರೂ ಇದೇ ಸೀಮೆಯಲ್ಲಿ ಓಡಾಡುತ್ತಾರೆ. ಅವರಿಗೆ ಆಲೆಮನೆ ತೋರಿಸಿ ಅಲ್ಲೇ ಬೆಲ್ಲ ಮಾರಬಹುದಲ್ಲವೇ ಎಂದು. ಮಾರಬಹುದು. ಆದರೆ ವೈರಮುಡಿಯ ಜನಸಂದಣಿಯನ್ನು ಕಂಡು ವರ್ಷವಿಡೀ ಅಷ್ಟೇ ಗಿರಾಕಿ ಇರುತ್ತಾರೆಂದು ಲೆಕ್ಕ ಹಾಕಕೂಡದು.

ಮೂರು ಸಾಕು, ನಾಲ್ಕನೆಯದು ಮುಚ್ಚಿದ್ದಿರಲಿ

ನನ್ನ ಅನುಭವದಲ್ಲಿ ಮೂರು ಬಗೆಯ ಜಾಗಗಳನ್ನು ನೋಡಿದರೆ ಸಾಕು.

ಮೊದಲನೆಯದು ಮಂಡ್ಯದ ವಿ.ಸಿ. ಫಾರಂ. ಇಲ್ಲಿನ ಸಂಶೋಧನಾ ಕೇಂದ್ರದಲ್ಲಿ ಕಬ್ಬಿನ ಮೇಲೆ ಬಹುಕಾಲದಿಂದ ಕೆಲಸ ನಡೆದಿದೆ, ಬೆಲ್ಲದ ಪಾರ್ಕ್ ಎಂಬ ತಯಾರಿಕಾ ಘಟಕವೂ ಉಂಟು. ಇಲ್ಲಿ ನೋಡಬೇಕಾದುದು ಅಳತೆ. ರಸದ ಸಾಂದ್ರತೆ ಎಷ್ಟು, ಹುಳಿ ಎಷ್ಟು, ಯಾವ ಶಾಖದಲ್ಲಿ ಮಡ್ಡಿ ತೆಗೆದರು, ಯಾವ ಶಾಖದಲ್ಲಿ ಪಾಕ ಇಳಿಸಿದರು ಎಂಬುದನ್ನು ಉಷ್ಣಮಾಪಕದಲ್ಲಿ ಕಣ್ಣಾರೆ ಕಾಣಬಹುದು. ಒಮ್ಮೆ ಅಂಕಿಗಳನ್ನು ಕಂಡ ಮೇಲೆ ಉಳಿದ ಕಡೆ ನಿಮ್ಮ ಕಣ್ಣಿಗೆ ಒಂದು ಅಳತೆಗೋಲು ಸಿಕ್ಕಂತಾಗುತ್ತದೆ. ಆದಕಾರಣ ಇದನ್ನು ಮೊದಲ ದಿನವೇ ನೋಡತಕ್ಕದ್ದು, ಕೊನೆಗೆ ಇಟ್ಟುಕೊಳ್ಳಬಾರದು. ರಜಾ ದಿನ ಹೋಗಿ ಬೀಗ ನೋಡಿ ಬರಬೇಡಿ. ಕೆಲಸದ ದಿನವನ್ನೇ ಆರಿಸಿ, ಎಂದು ಒಲೆ ಹೊತ್ತಿಸುತ್ತಾರೆಂದು ಮೊದಲೇ ಕೇಳಿಕೊಂಡು ಹೋಗಿ.

ಎರಡನೆಯದು ಹತ್ತಾರು ವರ್ಷದಿಂದ ನಿಲ್ಲದೆ ನಡೆದುಕೊಂಡು ಬಂದಿರುವ ಹಳೆಯ ಆಲೆಮನೆ. ಅದು ನೋಡಲು ಚೆಂದವಿರುವುದಿಲ್ಲ. ಮಸಿ ಹಿಡಿದ ಗೋಡೆ, ನೆಲವೆಲ್ಲ ಅಂಟು. ಆದರೆ ಬೆಲ್ಲದ ಧಾರಣೆ ಏರಿದ ವರ್ಷ, ಬಿದ್ದ ವರ್ಷ, ನಾಲೆಗೆ ನೀರು ಬಿಡದ ವರ್ಷ ಎಲ್ಲವನ್ನೂ ದಾಟಿ ಅದು ಉಳಿದಿದೆ ಎಂದರೆ ಅಲ್ಲಿ ಏನೋ ಒಂದು ಲೆಕ್ಕ ಸರಿಯಾಗಿದೆ ಎಂದೇ ಅರ್ಥ. ಆ ಲೆಕ್ಕ ಯಾವುದೆಂದು ಹುಡುಕುವುದೇ ನಿಮ್ಮ ಕೆಲಸ.

ಮೂರನೆಯದು ನಿಮ್ಮಷ್ಟೇ ಜಮೀನು, ನಿಮ್ಮಷ್ಟೇ ಬಂಡವಾಳದವರು ಈಚೆಗೆ ಆರಂಭಿಸಿದ್ದು. ದೊಡ್ಡವರ ಆಲೆಮನೆಯಿಂದ ಸಣ್ಣವರು ಕಲಿಯುವುದು ಕಡಿಮೆ. ಮೊದಲೆರಡು ವರ್ಷದ ತಪ್ಪುಗಳು ಇವರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿರುತ್ತವೆ, ಮುಚ್ಚಿಡುವ ಬಿಗುಮಾನವೂ ಇರುವುದಿಲ್ಲ.

ನಾಲ್ಕನೆಯದನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಅದೇ ನಿಂತುಹೋದ ಆಲೆಮನೆ. ನಮ್ಮ ತಾಲ್ಲೂಕುಗಳಲ್ಲಿ ಅಂಥವು ಬೇಕಾದಷ್ಟಿವೆ. ನಡೆಯುತ್ತಿರುವ ಆಲೆಮನೆಯ ಯಜಮಾನ ತನ್ನ ಜಾಣತನ ಹೇಳುತ್ತಾನೆ. ನಿಲ್ಲಿಸಿದವನಿಗೆ ಕಾರಣ ಗೊತ್ತಿರುತ್ತದೆ. ಹೋಗಿ ಮೆಲ್ಲಗೆ, ಮರ್ಯಾದೆಯಿಂದ ಕೇಳಿ. 'ಯಾಕೆ ಮುಳುಗಿತು' ಎಂದು ಕೇಳಬೇಡಿ, 'ಮತ್ತೆ ಶುರು ಮಾಡೋದಾದರೆ ಏನು ಬದಲಾಯಿಸುತ್ತೀರಿ ಯಜಮಾನ್ರೇ' ಎಂದು ಕೇಳಿ. ಎಲ್ಲಾ ಹೇಳುತ್ತಾರೆ.

ಎಂದು, ಎಷ್ಟು ಹೊತ್ತಿಗೆ

ಬೆಂಗಳೂರು-ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣದ ಬಳಿ ದ್ರಾಕ್ಷಾರಸ ತಯಾರಿಸುವ ಘಟಕವೊಂದಿದೆ, ನಂದಿ ಬೆಟ್ಟದ ತಪ್ಪಲಿನಲ್ಲಿಯೂ ಇವೆ. ಸರ್ಕಾರ 2007ರಲ್ಲಿ ದ್ರಾಕ್ಷಾರಸ ನೀತಿ ತಂದ ಮೇಲೆ ಇವುಗಳನ್ನು ನೋಡಲು ಪೇಟೆಯ ಜನ ಪ್ರವಾಸ ಹೋಗುವುದು ಹೆಚ್ಚಿತು. ಅಲ್ಲಿಗೆ ಹೋಗುವ ತಿಳಿವಳಿಕಸ್ಥರು ಹಣ್ಣಿನ ಕೊಯ್ಲು ನೋಡಿಕೊಂಡು ಹೋಗುತ್ತಾರೆ. ಬೇಸಿಗೆಯ ಮೊದಲಲ್ಲಿ ಹೋದರೆ ಹಣ್ಣು ಅರೆಯುವುದು ಕಾಣುತ್ತದೆ, ಬೇರೆ ತಿಂಗಳು ಹೋದರೆ ಪೀಪಾಯಿಗಳ ಸಾಲು ಕಂಡು ಬರಬೇಕು. ನಮ್ಮ ಕಡೆ ಕಬ್ಬಿನ ನಾಟಿ ವರ್ಷದ ಹಲವು ತಿಂಗಳು ನಡೆಯುವುದರಿಂದ ಆಲೆಮನೆ ಹೆಚ್ಚುಕಡಿಮೆ ಯಾವಾಗಲೂ ಹೊಗೆಯಾಡುತ್ತಲೇ ಇರುತ್ತದೆ. ಹಾಗೆಂದು ಯಾವ ತಿಂಗಳಾದರೂ ಒಂದೇ ಎಂದು ತಿಳಿಯಬಾರದು. ಡಿಸೆಂಬರಿನಿಂದ ಮಾರ್ಚಿಯವರೆಗೆ ಹೋದರೆ ಒಳ್ಳೆಯ ಬೆಲ್ಲ ಹೇಗೆ ಬರುತ್ತದೆಂದು ಕಾಣುತ್ತೀರಿ. ಮಳೆಗಾಲದಲ್ಲಿ ಹೋದರೆ ಆಲೆಮನೆ ಎಲ್ಲಿ ಸೋಲುತ್ತದೆಂದು ಕಾಣುತ್ತೀರಿ. ಆಗ ರಸ ತೆಳುವಾಗಿರುತ್ತದೆ, ಸಿಪ್ಪೆ ಒಣಗುವುದಿಲ್ಲ, ಒಲೆಯ ಉರಿ ಏಳುವುದಿಲ್ಲ, ಮಾಡಿದ ಬೆಲ್ಲ ನೀರೊಡೆಯುತ್ತದೆ. ಹಣ ಹಾಕುವವರು ಎರಡು ಕಾಲದಲ್ಲೂ ಒಮ್ಮೊಮ್ಮೆ ನೋಡುವುದು ಒಳ್ಳೆಯದು.

ಹೊತ್ತಿನ ವಿಷಯ ಇನ್ನೂ ಮುಖ್ಯ. ಬಹಳ ಆಲೆಮನೆಗಳಲ್ಲಿ ಬೆಳಗಿನ ಜಾವವೇ ಗಾಣ ತಿರುಗುತ್ತದೆ. ಒಂದು ಕೊಪ್ಪರಿಗೆ ರಸ ತುಂಬಿದಂದಿನಿಂದ ಪಾಕ ಇಳಿಸುವವರೆಗೆ, ಕೊಪ್ಪರಿಗೆಯ ಗಾತ್ರ ಮತ್ತು ಒಲೆಯ ಮೇಲೆ ಹೋಗಿ, ಎರಡರಿಂದ ಮೂರು ಗಂಟೆ ಹಿಡಿಯುತ್ತದೆ. ಈ ಪೂರ್ತಿ ಅವಧಿ ನೀವು ಅಲ್ಲಿರಬೇಕು. ತಿಂಡಿ ತಿಂದು ಹತ್ತು ಗಂಟೆಗೆ ಹೋಗಿ, ಇಪ್ಪತ್ತು ನಿಮಿಷ ನಿಂತು, ಬಿಸಿ ಬೆಲ್ಲ ತಿಂದು ಬಂದರೆ ಅದು ಜಾತ್ರೆ ನೋಡಿದಂತೆ. ದಿನಕ್ಕೆ ಎರಡೇ ಆಲೆಮನೆ ಸಾಕು: ಬೆಳಿಗ್ಗೆ ಒಂದು, ಮಧ್ಯಾಹ್ನದ ಮೇಲೆ ಒಂದು.

ಹೋದ ತಕ್ಷಣ ಎಲ್ಲಿ ನೋಡಬೇಕು

ಕೊಪ್ಪರಿಗೆಯ ಹತ್ತಿರ ಹೋಗಬೇಡಿ. ಮೊದಲು ಹಿಂಬದಿಗೆ ಹೋಗಿ.

ಅಲ್ಲಿ ಸಿಪ್ಪೆಯ ರಾಶಿ ಇರುತ್ತದೆ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಈಗ ತಾನೆ ಗಾಣದಿಂದ ಬಂದ ಸಿಪ್ಪೆಯಲ್ಲಿ ಕೈ ತೀರಾ ಒದ್ದೆಯಾಗಿ ಅಂಟಾದರೆ ಗಾಣ ರಸ ಬಿಡುತ್ತಿದೆ ಎಂದರ್ಥ. ಇದರ ಲೆಕ್ಕ ಸಣ್ಣದಲ್ಲ. ಒಂದು ಟನ್ನು ಕಬ್ಬಿಗೆ ಶೇಕಡಾ 60ರಂತೆ 600 ಕಿಲೋ ರಸ ಬಂತು ಎನ್ನಿ. ರಸದ ಸಾಂದ್ರತೆ 18 ಬ್ರಿಕ್ಸ್ ಇದ್ದರೆ ಅದರಲ್ಲಿ 108 ಕಿಲೋ ಘನಾಂಶ ಇರುತ್ತದೆ. ಮಡ್ಡಿಯಲ್ಲಿ ಹೋಗುವುದು, ಬೆಲ್ಲದಲ್ಲಿ ಉಳಿಯುವ ತೇವ ಎರಡನ್ನೂ ಸರಿದೂಗಿಸಿದರೆ ಸುಮಾರು ಒಂದು ಕ್ವಿಂಟಲ್ ಬೆಲ್ಲ. ಗಾಣ ಶೇಕಡಾ 55ರಷ್ಟೇ ಹಿಂಡಿದರೆ ರಸ 50 ಕಿಲೋ ಕಡಿಮೆ, ಬೆಲ್ಲ ಸುಮಾರು 9 ಕಿಲೋ ಕಡಿಮೆ. ದಿನಕ್ಕೆ 5 ಟನ್ನು ಅರೆದರೆ 45 ಕಿಲೋ. ನೂರು ದಿನದ ಹಂಗಾಮಿಗೆ 45 ಕ್ವಿಂಟಲ್ ಬೆಲ್ಲ ಸಿಪ್ಪೆಯ ಜೊತೆ ಒಲೆಗೆ ಹೋಗುತ್ತದೆ! ಇದನ್ನು ಯಾವ ಯಜಮಾನನೂ ಬಾಯಿಬಿಟ್ಟು ಹೇಳುವುದಿಲ್ಲ, ಸಿಪ್ಪೆ ಹೇಳುತ್ತದೆ.

ಆಮೇಲೆ ಒಲೆಯ ಬಾಯಿ. ಏನನ್ನು ಉರಿಸುತ್ತಿದ್ದಾರೆ? ಒಣಗಿದ ಸಿಪ್ಪೆಯಲ್ಲೇ ಒಲೆ ಸಾಗುತ್ತಿದ್ದರೆ, ಹಂಗಾಮಿನ ಕೊನೆಗೆ ಒಂದಿಷ್ಟು ಮಿಗುತ್ತದೆ ಎನ್ನುವುದಾದರೆ, ಆ ಒಲೆಯ ಅಳತೆಯನ್ನು ಟೇಪು ಹಿಡಿದು ಬರೆದುಕೊಳ್ಳಿ. ಸೌದೆ ಇದ್ದರೆ ಬೆಲೆ ಕೇಳಿ. ಹಳೆಯ ಟೈರು, ಪ್ಲಾಸ್ಟಿಕ್ ಚೂರು ಕಂಡರೆ ಅಲ್ಲಿ ಕಲಿಯುವುದೇನೂ ಇಲ್ಲ, ನಮಸ್ಕಾರ ಹೇಳಿ ಹೊರಡಿ. ಹೊಗೆ ಗೂಡಿನ ಹೊಗೆ ದಟ್ಟ ಕಪ್ಪಾಗಿದ್ದರೆ ಗಾಳಿ ಸರಿಯಾಗಿ ಒಳಗೆ ಹೋಗುತ್ತಿಲ್ಲ, ಉರುವಲು ಪೂರಾ ಉರಿಯುತ್ತಿಲ್ಲ.

ಮಡ್ಡಿ, ತೊಳೆದ ನೀರು ಎಲ್ಲಿ ಹೋಗುತ್ತದೆ ನೋಡಿ. ಪಕ್ಕದ ಹಳ್ಳಕ್ಕೆ ಬಿಟ್ಟಿದ್ದರೆ ಇಂದಲ್ಲ ನಾಳೆ ನೆರೆಯವರೊಡನೆ ಜಗಳ. ಕೆರೆಯ ಸಮೀಪ ಆಲೆಮನೆ ಹಾಕಬೇಕೆಂದಿರುವ ತೊಣ್ಣೂರಿನಂಥ ಊರಿನವರು ಇದನ್ನು ಎರಡು ಸಲ ಯೋಚಿಸತಕ್ಕದ್ದು.

ಕೆಲಸದ ಆಳುಗಳು ಎಲ್ಲಿ ಮಲಗುತ್ತಾರೆ, ಅವರ ಮಕ್ಕಳು ಒಲೆಯ ಬಳಿ ಆಡುತ್ತಿದ್ದಾರೆಯೇ? ಈಗ ನಮ್ಮ ಜಿಲ್ಲೆಯ ಅನೇಕ ಆಲೆಮನೆಗಳಲ್ಲಿ ಉತ್ತರ ಭಾರತದಿಂದ ಬಂದವರು ಕೆಲಸ ಮಾಡುತ್ತಾರೆ. ಹದ ನೋಡುವವನು ಹೊರಗಿನವನಾದರೆ, ಅವನು ಹಬ್ಬಕ್ಕೆ ಊರಿಗೆ ಹೋದಾಗ ಯಾರು ಪಾಕ ಇಳಿಸುತ್ತಾರೆ ಎಂದು ಕೇಳಿ. ಈ ಒಂದು ಪ್ರಶ್ನೆಗೆ ಉತ್ತರ ತಡವರಿಸಿದರೆ ಆ ಆಲೆಮನೆ ಯಜಮಾನನದಲ್ಲ, ಆಳಿನದು.

ಕೊಪ್ಪರಿಗೆಯ ಮುಂದೆ

ಈಗ ಕೊಪ್ಪರಿಗೆಯ ಬಳಿ ಬನ್ನಿ. ಕಡಿದ ಕಬ್ಬು ಎಷ್ಟು ಹೊತ್ತಿನದು ಎಂಬುದು ಮೊದಲ ಮಾತು. ಕಡಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಅರೆಯಬೇಕು. ತಡವಾದಂತೆಲ್ಲ ಸಕ್ಕರೆಯ ಅಂಶ ಒಡೆದು ಬೆಲ್ಲ ಗಟ್ಟಿಯಾಗದೆ ಜಿಗುಟಾಗುತ್ತದೆ. ತಳಿಯನ್ನೂ ಕೇಳಿ. ಕೋ 62175 ನಮ್ಮ ಕಡೆ ಬಹುಕಾಲದಿಂದ ಪರಿಚಿತ, ಕೋ 86032 ಬೆಲ್ಲಕ್ಕೆ ಒಳ್ಳೆಯ ಹೆಸರು ಪಡೆದಿದೆ, ವಿ.ಸಿ. ಫಾರಂನಿಂದಲೇ ಬಂದ ವಿ.ಸಿ.ಎಫ್. 0517 ಕೂಡ ಉಂಟು. ನಿಮ್ಮ ಹೊಲದ ತಳಿಯನ್ನೇ ಅರೆಯುತ್ತಿರುವ ಆಲೆಮನೆ ಸಿಕ್ಕಿದರೆ ಅದಕ್ಕೇ ಮೊದಲ ಆದ್ಯತೆ ಕೊಡಿ.

ರಸ ಕಾಯುತ್ತ 85-90 ಡಿಗ್ರಿ ಸೆಂಟಿಗ್ರೇಡ್ ಸುಮಾರಿಗೆ ಮಡ್ಡಿ ಕಟ್ಟಿ ಮೇಲೆ ಬರುತ್ತದೆ. ಅದನ್ನು ಕುದಿ ಬರುವ ಮುಂಚೆ ತಾಳ್ಮೆಯಿಂದ ತೆಗೆಯುತ್ತಾರೆಯೇ ಎಂದು ನೋಡಿ. ಒಮ್ಮೆ ಕುದಿ ಬಂದರೆ ಮಡ್ಡಿ ರಸದಲ್ಲೇ ಕಲಸಿಹೋಗುತ್ತದೆ. ರಸ ತಿಳಿಯಾಗಲು ಸುಣ್ಣದ ತಿಳಿ ಹಾಕುವುದು, ಬೆಂಡೆ ಗಿಡದ ಕಾಂಡ ಜಜ್ಜಿ ನೀರಿನಲ್ಲಿ ನೆನೆಸಿ ತೆಗೆದ ಲೋಳೆ ಹಾಕುವುದು ಹಿಂದಿನಿಂದ ಬಂದ ಪದ್ಧತಿ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಗಟ್ಟಿ ಬೆಲ್ಲಕ್ಕೆ 116ರಿಂದ 118 ಡಿಗ್ರಿಗೆ ಪಾಕ ಇಳಿಸಬೇಕು, ಜೋನಿ ಬೆಲ್ಲಕ್ಕೆ 105ರ ಆಸುಪಾಸು, ಪುಡಿ ಬೆಲ್ಲಕ್ಕೆ 120ರ ಮೇಲೆ. ಹಳೆಯ ಕೈಗಳು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ ಹೇಳಿಬಿಡುತ್ತವೆ. ವಿ.ಸಿ. ಫಾರಂನಲ್ಲಿ ಅಂಕಿ ಕಂಡವರು ಇಲ್ಲಿ ಬೆರಳು ನೋಡಿದರೆ ಎರಡೂ ಒಂದೇ ಎಂದು ತಿಳಿದು ಸಂತೋಷವಾಗುತ್ತದೆ.

ಇನ್ನು ಕೊಪ್ಪರಿಗೆಯ ಪಕ್ಕದ ಡಬ್ಬಗಳು. ಬಿಳಿಯ ಪುಡಿ, ಬೆಂಕಿಕಡ್ಡಿ ಗೀಚಿದಂಥ ವಾಸನೆ, ಹಾಕಿದೊಡನೆ ಪಾಕ ಹಳದಿಗೆ ತಿರುಗುವುದು: ಇದೇ ಹೈಡ್ರೋಸ್. ಇದನ್ನು ಹಾಕುವವರನ್ನು ಕಳ್ಳರಂತೆ ಕಾಣುವುದು ನನಗೆ ಸರಿ ಎನಿಸುವುದಿಲ್ಲ. ಮಂಡಿಯಲ್ಲಿ ಹೊಂಬಣ್ಣದ ಬೆಲ್ಲಕ್ಕೆ ಮೇಲು ಧಾರಣೆ, ಕಂದು ಬೆಲ್ಲಕ್ಕೆ ಕೀಳು ಧಾರಣೆ ಎಂದು ಹಾಕಿದವರು ಯಾರು? ಕೊಳ್ಳುವವರೇ. ಆದರೆ ಬೆಲ್ಲದಲ್ಲಿ ಉಳಿಯಬಹುದಾದ ಗಂಧಕದ ಅಂಶಕ್ಕೆ ಆಹಾರದ ಕಾನೂನಿನಲ್ಲಿ ಮಿತಿ ಇದೆ. ಅಂದಾಜಿನಲ್ಲಿ ಹಿಡಿ ಹಿಡಿಯಾಗಿ ಎಸೆದರೆ ಆ ಮಿತಿ ಉಳಿಯುವುದಿಲ್ಲ. ಕಬ್ಬು ಸಾಲದ ಕಾಲದಲ್ಲಿ ಸಕ್ಕರೆ ಕಲಸಿ ಬೆಲ್ಲ ಎನ್ನುವ ಕೆಟ್ಟ ಪದ್ಧತಿಯೂ ನಮ್ಮ ಕಡೆ ಕೆಲವೆಡೆ ಕಾಣಿಸಿಕೊಂಡಿದೆ. ಆಲೆಮನೆಯ ಮೂಲೆಯಲ್ಲಿ ಸಕ್ಕರೆ ಮೂಟೆ ಕಂಡರೆ ಯಾತಕ್ಕೆಂದು ಕೇಳುವ ಅಗತ್ಯವಿಲ್ಲ.

ಬಾಯಿಯನ್ನು ನಂಬಬೇಡಿ

ಬಿಸಿ ಬೆಲ್ಲ ಎಲ್ಲಿಯದಾದರೂ ರುಚಿಯೇ. ಮೂರು ಕಡೆ ತಿಂದವನಿಗೆ ನಾಲ್ಕನೆಯದರಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಆದುದರಿಂದ ಅಲ್ಲಿ ತಿನ್ನುವುದಕ್ಕಿಂತ ಕೊಂಡು ತರುವುದು ಮೇಲು. ಪ್ರತಿ ಆಲೆಮನೆಯಿಂದ ಒಂದೊಂದು ಅಚ್ಚು ದುಡ್ಡು ಕೊಟ್ಟು ಕೊಳ್ಳಿ, ಪುಕ್ಕಟೆ ಬೇಡ. ಹೆಸರು, ತಾರೀಖು ಬರೆದ ಚೀಟಿ ಅಂಟಿಸಿ ಮನೆಯಲ್ಲಿ ಎಲ್ಲವನ್ನೂ ಒಂದೇ ಜಾಗದಲ್ಲಿ ಇಡಿ. ಹೈಡ್ರೋಸಿನಿಂದ ಬಂದ ಹಳದಿ ವಾರಗಳು ಕಳೆದಂತೆ ಮಾಸಿ ಕಪ್ಪಾಗುತ್ತ ಬರುತ್ತದೆ. ಸರಿಯಾದ ಹದಕ್ಕೆ ಬಾರದ್ದು ಮಳೆ ಶುರುವಾದೊಡನೆ ಬೆವರುತ್ತದೆ. ಒಂದು ಲೋಟ ನೀರಿನಲ್ಲಿ ಚೂರು ಕರಗಿಸಿ ಇಟ್ಟರೆ ತಳದಲ್ಲಿ ಎಷ್ಟು ಮಣ್ಣು, ಮಡ್ಡಿ ನಿಲ್ಲುತ್ತದೆಂದು ಕಾಣುತ್ತದೆ. ಇದು ಪ್ರಯೋಗಾಲಯದ ಪರೀಕ್ಷೆಗೆ ಸಮವಲ್ಲ. ಆದರೂ ಯಾವ ಆಲೆಮನೆಯನ್ನು ಮತ್ತೆ ನೋಡಲು ಹೋಗಬೇಕೆಂದು ಆರಿಸಲು ಇಷ್ಟು ಸಾಕು.

ಈ ಕಾರಣಕ್ಕಾಗಿಯೇ ನಾನು ಹೇಳುವುದು, ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ. ಗಂಡಸರು ಗಾಣದ ಕುದುರೆಶಕ್ತಿ ಕೇಳುತ್ತ ನಿಂತಿರುವಾಗ ನೀರಿನ ತೊಟ್ಟಿಗೆ ಮುಚ್ಚಳವಿಲ್ಲ, ಸೋಸುವ ಬಟ್ಟೆ ಒಗೆದು ವಾರವಾಗಿದೆ ಎಂದು ಕಾಣುವುದು ಅವರ ಕಣ್ಣಿಗೆ. ಮನೆಗಳಿಗೆ ಬೆಲ್ಲ ಮಾರಬೇಕೆಂದಿರುವವರು ಬೆಲ್ಲ ಕೊಳ್ಳುವವರ ಅಭಿಪ್ರಾಯ ಕೇಳದಿದ್ದರೆ ಹೇಗೆ?

ದೂರದ ಊರುಗಳು

ಕೊಲ್ಹಾಪುರ ನೋಡಬಾರದೆಂದು ನಾನು ಹೇಳುವುದಿಲ್ಲ. ಅಲ್ಲಿನ ಬೆಲ್ಲಕ್ಕೆ 2014ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಕಬ್ಬು ಮತ್ತು ಬೆಲ್ಲಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. ನಮ್ಮ ರಾಜ್ಯದಲ್ಲೇ ಬೆಳಗಾವಿ ಜಿಲ್ಲೆಯ ಸಂಕೇಶ್ವರ, ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ ಬೆಲ್ಲಕ್ಕೆ ಹೆಸರಾದ ಊರುಗಳು. ಕೇರಳದ ಮರಯೂರಿನಲ್ಲಿ ಬೆಟ್ಟದ ಸೀಮೆಯ ಸಣ್ಣ ರೈತರು ಕೈಯಲ್ಲೇ ಉಂಡೆ ಕಟ್ಟುವ ಕಂದು ಬೆಲ್ಲಕ್ಕೆ 2019ರಲ್ಲಿ ಇದೇ ಗುರುತು ದೊರೆಯಿತು. ಕಂದು ಬಣ್ಣವನ್ನೇ ಹೆಮ್ಮೆಯಿಂದ ಮಾರುವುದು ಹೇಗೆಂದು ತಿಳಿಯಬೇಕಾದರೆ ಕೊಲ್ಹಾಪುರಕ್ಕಿಂತ ಮರಯೂರೇ ನಮ್ಮವರಿಗೆ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಇವೆಲ್ಲ ಎರಡನೆಯ ವರ್ಷದ ಪ್ರವಾಸಗಳು. ದೂರದ ಊರಿನ ಒಲೆ ಅಲ್ಲಿಯ ಕಬ್ಬಿಗೆ, ಅಲ್ಲಿಯ ಗಾಳಿಗೆ, ಅಲ್ಲಿಯ ಕೂಲಿಗೆ ಹೊಂದಿರುತ್ತದೆ. ನಿಮ್ಮ ತಾಲ್ಲೂಕಿನ ಒಲೆಯನ್ನು ಅರಿಯದೆ ಅದನ್ನು ನೋಡಿದರೆ ಯಾವುದು ಬೇರೆ ಎಂಬುದೇ ತಿಳಿಯುವುದಿಲ್ಲ.

ಸಹಾಯಧನದ ಮಾತು ಬಂದೇ ಬರುತ್ತದೆ. 2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕಿರು ಆಹಾರ ಉದ್ದಿಮೆಗಳ ಯೋಜನೆಯಲ್ಲಿ ಒಂದು ಜಿಲ್ಲೆಗೆ ಒಂದು ಉತ್ಪನ್ನವೆಂದು ಆರಿಸಿದಾಗ ಮಂಡ್ಯಕ್ಕೆ ಬಂದದ್ದು ಬೆಲ್ಲವೇ. ಅರ್ಜಿ ಹಾಕುವ ಮುನ್ನ ಆ ವರ್ಷದ ನಿಯಮವೇನು, ಹಣವಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಸಹಾಯಧನ ಪಡೆದ ಆಲೆಮನೆಯನ್ನು ನೋಡುವುದಾದರೆ ಒಂದು ಪ್ರಶ್ನೆ ಮರೆಯಬೇಡಿ: ಹಣ ಕೈಗೆ ಬರುವವರೆಗೆ ಬ್ಯಾಂಕಿನ ಬಡ್ಡಿ ಯಾರು ಕಟ್ಟಿದರು?

ತೊಣ್ಣೂರಿನವರು ಕೊನೆಗೆ ಆರಿಸಿದ್ದು

ಅವರ ಹನ್ನೊಂದರ ಪಟ್ಟಿ ನಾಲ್ಕಕ್ಕೆ ಇಳಿಯಿತು. ವಿ.ಸಿ. ಫಾರಂ, ಶ್ರೀರಂಗಪಟ್ಟಣದ ಕಡೆಯ ಒಂದು ಹಳೆಯ ಆಲೆಮನೆ, ಕೆ.ಆರ್. ಪೇಟೆಯ ಆಚೆ ಅಣ್ಣತಮ್ಮಂದಿರಿಬ್ಬರು ಪುಡಿ ಬೆಲ್ಲ ಮಾಡುವ ಸಣ್ಣ ಆಲೆಮನೆ, ಮತ್ತು ತಮ್ಮ ಊರಿಗೆ ಸಮೀಪದಲ್ಲೇ ನಿಂತುಹೋಗಿರುವ ಒಂದು. ಎರಡು ದಿನ ತೆಗೆದುಕೊಂಡರು. ಹಳೆಯ ಆಲೆಮನೆಗೆ ನಸುಕು ಹರಿಯುವ ಮೊದಲೇ ತಲುಪಿ ಎರಡು ಕೊಪ್ಪರಿಗೆ ಇಳಿಯುವವರೆಗೆ ಕುಳಿತರು. ಸಿಪ್ಪೆ ಹಿಂಡಿ ನೋಡಿದ ಹುಡುಗನೊಬ್ಬ ಅಲ್ಲಿನ ಯಜಮಾನರಿಗೇ ಗಾಣದ ಉರುಳೆ ಸವೆದಿದೆ ಎಂದು ಹೇಳಿಬಿಟ್ಟನಂತೆ. ಅವರು ಕೋಪಿಸಿಕೊಳ್ಳದೆ, 'ಗೊತ್ತು ಕಣಪ್ಪ, ಈ ಸಂಕ್ರಾಂತಿ ಕಳೀಲಿ ಅಂತಿದ್ದೆ' ಎಂದರಂತೆ.

ನಿಂತುಹೋದ ಆಲೆಮನೆಯಲ್ಲಿ ಅವರು ಅರ್ಧ ಗಂಟೆ ಎಂದುಕೊಂಡು ಹೋಗಿ ಇಡೀ ಮಧ್ಯಾಹ್ನ ಇದ್ದರು. ಮುಂಗಡ ಪಡೆದ ಆಳುಗಳು ಹಂಗಾಮಿನ ನಡುವೆ ಬಿಟ್ಟುಹೋದದ್ದು, ಕಡಿದ ಕಬ್ಬು ಗದ್ದೆಯಲ್ಲೇ ಒಣಗಿದ್ದು, ಎಲ್ಲವನ್ನೂ ಅಲ್ಲಿನ ಮಾಲೀಕರು ಹೇಳಿಕೊಂಡರು. 'ಕಬ್ಬಿಗೆ ಸೋಲಲಿಲ್ಲ ಸ್ವಾಮಿ, ಬೆಲೆಗೂ ಸೋಲಲಿಲ್ಲ, ಆಳಿಗೆ ಸೋತೆ' ಎಂದರು. ಒಲೆ, ಹೊಗೆ ಗೂಡು ಇನ್ನೂ ಗಟ್ಟಿಯಾಗಿವೆ. ಕೊಪ್ಪರಿಗೆಯೊಂದು ಹೊಸದು ಬೇಕು, ಗಾಣಕ್ಕೆ ರಿಪೇರಿ ಬೇಕು.

ಈ ನಾಲ್ಕು ಕುಟುಂಬಗಳಲ್ಲಿ ಕೈಗೆ ಬಂದ ಮಕ್ಕಳು ಒಟ್ಟು ಐದು ಮಂದಿ. ಅವರಲ್ಲಿ ಇಬ್ಬರು ವಿ.ಸಿ. ಫಾರಂಗೆ ಮತ್ತೆ ಹೋಗಿ ಹದ ನೋಡುವುದನ್ನು ಕಲಿತು ಬರುವುದೆಂದೂ, ಹೊಸ ಆಲೆಮನೆಗೆ ಸಾಲ ಮಾಡುವ ಬದಲು ಈ ನಿಂತಿರುವುದನ್ನೇ ಒಂದು ಹಂಗಾಮಿಗೆ ಗುತ್ತಿಗೆ ಹಿಡಿಯುವುದೆಂದೂ ಮಾತಾಗಿದೆ. ಕಾಗದ ಇನ್ನೂ ಬರೆದಿಲ್ಲ. ಕೊಂಡು ತಂದ ಬೆಲ್ಲದ ಅಚ್ಚುಗಳು ಚೀಟಿ ಅಂಟಿಸಿಕೊಂಡು ಹಿರಿಯರ ಮನೆಯ ಅಟ್ಟದ ಮೇಲೆ ಕುಳಿತಿವೆ. ಆಷಾಢದ ಮಳೆ ಬಂದು ಹೋದ ಮೇಲೆ ಅವನ್ನು ಇಳಿಸಿ ನೋಡಲು ನನ್ನನ್ನೂ ಕರೆದಿದ್ದಾರೆ.